ನೆತ್ತಿ ಮೂಸುವ ದಿನ

ಬೆಳಗ್ಗೆ ಎದ್ದು ನಡುಮನೆಗೆ ಕಾಲಿಟ್ಟ ಕೂಡಲೇ ರುಕ್ಮಣಿಯ ಹೊಟ್ಟೆ ತೊಳಸಿತು. ಟಿ.ವಿ. ಪಕ್ಕ ಕೂತಿದ್ದ ಬಿಳಿ ಡಬ್ಬಿ ಆಗಲೇ ಬುಸುಬುಸು ಹಬೆ ಬಿಡುತ್ತಿತ್ತು. ಮಗಳು ನಿತ್ಯಾ ಅದನ್ನು ಡಿಫ್ಯೂಸರ್ ಎನ್ನುತ್ತಾಳೆ. ಅದರೊಳಗೆ ಹಾಕುವ ಎಣ್ಣೆ ಲ್ಯಾವೆಂಡರ್ ಎಂಬ ಹೂವಿನದಂತೆ, ಮೂಗಿನಿಂದ ಒಳಗೆ ಹೋಗಿ ಮನಸ್ಸನ್ನು ಹಗುರ ಮಾಡುತ್ತದಂತೆ. ರುಕ್ಮಣಿಯ ಮೂಗಿಗೆ ಅದು ಅಕ್ಕಿ ಮೂಟೆಯ ಹಿಂದೆ ಸತ್ತು ಊದಿಕೊಂಡ ಇಲಿಯ ನಾತ. ಅವಳು ಸೆರಗನ್ನು ಮೂಗಿಗೆ ಅದುಮಿಕೊಂಡು, ಡಬ್ಬಿಯಿಂದ ಆದಷ್ಟು ದೂರಕ್ಕೆ ಗೋಡೆ ಸವರಿಕೊಂಡು ಹಿತ್ತಲಿಗೆ ಓಡಿದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಗ್ಗಿ ನಿಂತರೆ ಒಂದಿಷ್ಟು ಹುಳಿ ನೀರು ಬಂತು. ರಾತ್ರಿ ಏನಾದರೂ ತಿಂದಿದ್ದರೆ ತಾನೇ ಬೇರೇನಾದರೂ ಬರುವುದಕ್ಕೆ.

“ಅಮ್ಮಾ, ಇವತ್ತು ಮೂಡ್ ಎಂಗದೆ?” ಒಳಗಿನಿಂದ ನಿತ್ಯಾ ಕೂಗಿದಳು.

“ಚೆನ್ನಾಗದೆ, ಕಣ್ಣು,” ಎಂದಳು ರುಕ್ಮಣಿ ಬಾಯಿ ಒರೆಸಿಕೊಳ್ಳುತ್ತ. ಮಗಳನ್ನು ಅವಳು ಕರೆಯುವುದೇ ಕಣ್ಣು ಎಂದು.

ಇದೆಲ್ಲ ಶುರುವಾದದ್ದು ಹಿಂದಿನ ದೀಪಾವಳಿಯಾದ ಮೇಲೆ ಬಂದ ಒಂದು ಜ್ವರದಿಂದ. ಅವರ ಊರು ತುಡಿಯಲೂರಿನ ಅರ್ಧ ಬೀದಿಗೇ ಬಂದಿದ್ದ ಜ್ವರ, ಅದರಲ್ಲಿ ವಿಶೇಷವೇನೂ ಇರಲಿಲ್ಲ. ಜ್ವರ ಬಿಟ್ಟಾಗ ಮೂಗು ಸತ್ತಿತ್ತು. ಸತ್ತದ್ದು ಸತ್ತೇ ಇದ್ದಿದ್ದರೆ ನೆಮ್ಮದಿಯಾಗಿರುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅದಕ್ಕೆ ಜೀವ ಬಂತು, ಬರುವಾಗ ಕೆಟ್ಟು ಬಂತು. ಕಾಫಿ ಸುಟ್ಟ ಕೂದಲಿನಂತೆ ನಾರಿತು. ಈರುಳ್ಳಿ ಬಾಡಿಸಿದರೆ ಬಚ್ಚಲ ಗುಂಡಿಯ ಮುಚ್ಚಳ ತೆಗೆದಂತಾಯಿತು. ಸೋಪು, ಹಲ್ಲುಜ್ಜುವ ಪೇಸ್ಟು, ಊದುಬತ್ತಿ ಎಲ್ಲವೂ ಕೊಳೆತವು. ಜಗತ್ತು ಯಾವುದನ್ನು ಘಮಘಮ ಎನ್ನುತ್ತದೋ ಅದೇ ಹೆಚ್ಚು ನಾರುತ್ತಿತ್ತು. ಎಲ್ಲಕ್ಕಿಂತ ಹೇಸಿಗೆಯೆಂದರೆ ಮಲ್ಲಿಗೆ, ಅದು ಹೆಣದಂತೆ ನಾರುತ್ತಿತ್ತು. ಮೂವತ್ತು ವರ್ಷ ಮುಡಿದ ಹೂವನ್ನು ಈಗ ಕೈಯಲ್ಲಿ ಮುಟ್ಟಿದರೂ ಮೈಯೆಲ್ಲ ಮುಳ್ಳೇಳುತ್ತಿತ್ತು.

ಗಂಡ ಸೋಮಸುಂದರಂ ಮುಂದಿನ ಕೋಣೆಯಲ್ಲಿ ಕೈಮಗ್ಗ ಹಾಕಿಕೊಂಡು ಸೀರೆ ನೇಯುವವನು. ಕಾಫಿ ಕೆಟ್ಟಿದೆ ಎಂದು ಅವನಿಗೆ ಹೇಳಿ ನೋಡಿದಳು. ಅವನು ಹಾಲಿನವನ ಜೊತೆ ಜಗಳವಾಡಿ ಹಾಲು ಬದಲಾಯಿಸಿದ. ಆಮೇಲೆ ಕಾಫಿಪುಡಿ ಬದಲಾಯಿಸಿದ. ಆಮೇಲೆ ಪಾತ್ರೆಯನ್ನೇ ಬದಲಾಯಿಸಿದ. ಕೊನೆಗೆ, “ಎಲ್ಲಾ ಸರಿಯಾಗದೆ, ನಿನ್ನ ಹಲ್ಲೇ ಕೆಟ್ಟಿರ್ಬೇಕು, ಹಲ್ ಡಾಕ್ಟರ ಹತ್ರ ಓಗು,” ಎಂದು ಮಗ್ಗದ ಗುಂಡಿಗೆ ಇಳಿದ. ಗಂಡಸಿನ ವೈದ್ಯ ಅಲ್ಲಿಗೆ ಮುಗಿಯಿತು.

ಪಕ್ಕದ ಮನೆಯ ಸುಬ್ಬಾತಾಳ್ ವಯಸ್ಸಾದವಳು, ನಾಲ್ಕು ಹೆರಿಗೆ, ಹತ್ತು ಸಾವು ಕಂಡವಳು. ಮಲ್ಲಿಗೆಯ ಸಂಗತಿಯನ್ನು ರುಕ್ಮಣಿ ಅವಳ ಕಿವಿಗೆ ಹಾಕಿದಳು. ಮುದುಕಿ ಕೈಯಲ್ಲಿದ್ದ ಹೂವಿನ ದಂಡೆಯನ್ನು ಕೆಳಗಿಟ್ಟು ಸುತ್ತ ನೋಡಿದಳು.

“ಮಲ್ಲಿಗೆ ಎಣದ ನಾತ ಬರ್ತದಾ? ನಮ್ಮ ದೊಡ್ಡವ್ವನಿಗೂ ಇಂಗೇ ಆಗಿತ್ತು ಸಾಮಿ. ಮನೇಲಿ ಸಾವು ಬರೋ ಮುಂಚೆ ಎಂಗಸಿನ ಮೂಗಿಗೆ ಅದು ಬಂದು ಸುದ್ದಿ ಏಳ್ತದೆ. ಅದನ್ನ ಬಾಯಿಬಿಟ್ಟು ಯಾರಿಗೂ ಏಳ್ಬಾರ್ದು. ಏಳಿದ್ರೆ ಮನೇಲಿ ಎಳೇ ಜೀವ ಯಾವುದೋ ಅದರ ಮೇಲೆ ಓಗಿ ಕೂರ್ತದೆ. ನನ್ನ ಹತ್ರ ಏಳಿದ್ದಾಯ್ತು, ಬಿಡು. ಇನ್ನು ಬಾಯಿ ಕಟ್ಟು.”

ಆಗ ನಿತ್ಯಾ ಹೆರಿಗೆಗೆಂದು ತವರಿಗೆ ಬಂದು, ತುಂಬಿದ ಹೊಟ್ಟೆ ಹಿಡಿದುಕೊಂಡು ನಡುಮನೆಯಲ್ಲಿ ಮಲಗಿದ್ದಳು. ಮನೆಯಲ್ಲಿ ಎಳೇ ಜೀವ ಯಾವುದು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರುಕ್ಮಣಿ ಅವತ್ತು ಕಟ್ಟಿದ ಬಾಯಿಯನ್ನು ಮತ್ತೆ ಬಿಡಲಿಲ್ಲ.

ತಮಿಳು ಲೆಕ್ಕದ ಮಾಸಿ ತಿಂಗಳಲ್ಲಿ, ಚಳಿ ಇಳಿಯುವ ಹೊತ್ತಿಗೆ, ಹೆಣ್ಣುಕೂಸು ಹುಟ್ಟಿತು. ಆಸ್ಪತ್ರೆಯ ನರ್ಸು ಅದನ್ನು ಅದೇನೋ ಸೆಂಟು ಹಾಕಿದ ಒದ್ದೆ ಕಾಗದದಲ್ಲಿ ಒರೆಸಿ, ಬೆಳ್ಳಗೆ ಪೌಡರ್ ಬಳಿದು, ತಂದು ಅಜ್ಜಿಯ ಕೈಗಿಟ್ಟಳು. ಕೊಳೆತ ಮೊಟ್ಟೆಯನ್ನು ಮುಖಕ್ಕೆ ಒಡೆದಂತಾಯಿತು. ರುಕ್ಮಣಿಯ ಮುಖ ಅವಳ ಅಪ್ಪಣೆ ಕೇಳದೆ ಕಿವುಚಿಕೊಂಡಿತು, ಕತ್ತು ಪಕ್ಕಕ್ಕೆ ಹೊರಳಿತು. ಹಾಸಿಗೆಯ ಮೇಲಿದ್ದ ನಿತ್ಯಾ ಅದನ್ನು ನೋಡಿಬಿಟ್ಟಳು.

ಬೇರೆ ಮನೆಯಾಗಿದ್ದರೆ ಆ ನೋಟ ಅಲ್ಲಿಗೇ ಮರೆತುಹೋಗುತ್ತಿತ್ತು. ಈ ಮನೆಯಲ್ಲಿ ಮೂಗಿಗೆ ಒಂದು ಹಳೆಯ ಲೆಕ್ಕವಿತ್ತು. ಇವರ ಕಡೆ ಹುಟ್ಟಿದ ಕೂಸು ಮೊದಲ ಸಲ ತವರಿನ ಹೊಸಿಲು ದಾಟಿ ಅಪ್ಪನ ಮನೆಗೆ ಹೋಗುವ ದಿನ, ಮನೆಯ ಅಜ್ಜಿ ಅದನ್ನು ಎತ್ತಿಕೊಂಡು ಎಲ್ಲರ ಎದುರಿಗೆ ನೆತ್ತಿ ಮೂಸಬೇಕು. ಮುತ್ತು ಕೊಡುವುದಲ್ಲ, ನೆತ್ತಿಗೆ ಮೂಗಿಟ್ಟು ಉಸಿರು ತುಂಬ ಒಳಗೆ ಎಳೆದುಕೊಳ್ಳುವುದು. ಇದು ನಮ್ಮದು, ನಮ್ಮ ಮೈಯ ವಾಸನೆ ಎಂದು ಒಪ್ಪಿಕೊಂಡಂತೆ. ನಿತ್ಯಾ ಹುಟ್ಟಿದಾಗ ಅವಳ ಅಜ್ಜಿ, ಅಂದರೆ ರುಕ್ಮಣಿಯ ತಾಯಿ, ಹೆಣ್ಣೆಂದು ಮೂಗು ಮುರಿದು, ಆ ದಿನ ಬೇಕೆಂದೇ ಮದುವೆಯೊಂದಕ್ಕೆ ಹೋಗಿಬಿಟ್ಟಿದ್ದಳು. ನಿತ್ಯಾಳ ನೆತ್ತಿಯನ್ನು ಯಾರೂ ಮೂಸಲಿಲ್ಲ. ಈ ಕತೆಯನ್ನು ರುಕ್ಮಣಿಯೇ ಮಗಳಿಗೆ ಅನ್ನ ಕಲಸಿ ಉಣ್ಣಿಸುವಾಗೆಲ್ಲ ಹೇಳಿ, ಹೇಳಿ ಬೆಳೆಸಿದ್ದಳು. ಈಗ ಅದೇ ಕತೆ ತಿರುಗಿ ಅವಳ ಕೊರಳಿಗೇ ಬಂದು ಬಿದ್ದಿತ್ತು.

ನಿತ್ಯಾ ಕೆಟ್ಟವಳಲ್ಲ. ಅಮ್ಮ ಉಣ್ಣುತ್ತಿಲ್ಲ, ಸೊರಗುತ್ತಿದ್ದಾಳೆ, ಹಿತ್ತಲಲ್ಲಿ ಒಬ್ಬಳೇ ಕೂತು ಅಳುತ್ತಾಳೆ ಎಂಬುದು ಅವಳ ಕಣ್ಣಿಗೆ ಬಿದ್ದಿತ್ತು. ಹೆಣ್ಣು ಮೊಮ್ಮಗಳ ದುಃಖವೋ, ವಯಸ್ಸಿನ ದುಃಖವೋ, ಏನಾದರಾಗಲಿ ಮನಸ್ಸು ಕುಸಿದಿದೆ, ಅದಕ್ಕೆ ತನ್ನ ಹತ್ತಿರ ಮದ್ದಿದೆ ಎಂದುಕೊಂಡಳು. ಅವಳಿಗೆ ಪೀಳಮೇಡಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಅವರು ಮಾರುವುದು ಮೂಡಿನ ಸೆಂಟು. ನಗುವಿಗೆ ಒಂದು ಸೀಸೆ, ನಿದ್ದೆಗೆ ಒಂದು ಸೀಸೆ, ಸೋಮವಾರದ ಬೇಸರಕ್ಕೆ ಒಂದು ಸೀಸೆ. ಇನ್ನು ಸಾಲದಿದ್ದರೆ ಮಂಗಳವಾರಕ್ಕೂ ಮಾಡುತ್ತಾರೇನೋ! ಗಿರಾಕಿಗಳು ಬರೆದದ್ದಕ್ಕೆ ಮಾರುತ್ತರ ಬರೆಯುವುದು ನಿತ್ಯಾಳ ಕೆಲಸ. ರಜೆಯಲ್ಲಿದ್ದರೂ ಫೋನು ಬಿಡುತ್ತಿರಲಿಲ್ಲ.

“ವಾಸನೆ ನೇರ ಮನಸಿಗೇ ಓಗ್ತದೆ ಅಮ್ಮಾ. ಮಾತ್ರೆ ಎಲ್ಲಾ ಸುತ್ತಿ ಬಳಸಿ ಓಗ್ಬೇಕು. ಇದು ನೇರ,” ಎಂದು ಅಮ್ಮನ ಮಣಿಕಟ್ಟಿಗೆ ಏನನ್ನೋ ಉಜ್ಜುವಳು.

ಅದೇನೂ ಸುಳ್ಳಲ್ಲ. ನೇರ ಮನಸ್ಸಿಗೇ ಹೋಗುತ್ತಿತ್ತು. ಅದನ್ನು ರುಕ್ಮಣಿಯಷ್ಟು ಬಲ್ಲವರು ಆ ಕಂಪನಿಯಲ್ಲೂ ಇದ್ದಿರಲಾರರು. ತಲೆದಿಂಬಿಗೆ ಸಿಂಪಡಿಸಿದ ಸೆಂಟಿನಿಂದ ಅವಳು ನೆಲದ ಮೇಲೆ ಮಲಗಿದಳು. ಮಣಿಕಟ್ಟನ್ನು ಬೂದಿ ಹಚ್ಚಿ ಉಜ್ಜಿ ಉಜ್ಜಿ ಚರ್ಮ ಕೆಂಪಾಯಿತು. ಒಲೆಯ ಮುಂದೆ, ದೇವರ ಮುಂದೆ, ಕನ್ನಡಿಯ ಮುಂದೆ, ಎಲ್ಲಿ ಹೋದರೂ ಮಗಳ ಪ್ರೀತಿ ಮೊದಲೇ ಹೋಗಿ ನಾರುತ್ತ ಕೂತಿರುತ್ತಿತ್ತು. ಪ್ರೀತಿಯ ಮೇಲೇ ಹೇಸಿಗೆ ಬರುವುದಕ್ಕಿಂತ ದೊಡ್ಡ ಹೇಸಿಗೆ ಇನ್ನೊಂದಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಗಿ ಹೋಯಿತು ಅವಳಿಗೆ.

ಒಂದು ದಿನ ನಿತ್ಯಾ ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದಳು. ಫೋನಿಟ್ಟ ಮೇಲೂ ನಗು ನಿಲ್ಲಲಿಲ್ಲ.

“ಅಮ್ಮಾ, ಇಲ್ಲಿ ಕೇಳು. ಒಬ್ಬಮ್ಮ ಬರ್ದಿದಾಳೆ, ನಿಮ್ಮ ಲ್ಯಾವೆಂಡರ್ ಸತ್ತ ಇಲಿ ನಾತ ಒಡೀತದೆ, ದುಡ್ಡು ವಾಪಸ್ ಕೊಡಿ ಅಂತ! ಇಂಥವು ಆಗಾಗ ಬರ್ತಾನೇ ಇರ್ತವೆ.”

ರುಕ್ಮಣಿಯ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. “ನೀನೇನ್ ಬರ್ದೆ?”

“ಮನಸು ಸರಿಯಿಲ್ದಾಗ ಅಂಗೇ ಅನ್ನಿಸ್ತದೆ, ನಮ್ಮ ನಿಂಬೆ ಸೆಂಟ್ ಟ್ರೈ ಮಾಡಿ ಅಂತ. ಇನ್ನೇನ್ ಬರೀಲಿ? ತಲೆ ಕೆಟ್ಟೋರು.”

ಇನ್ನೊಬ್ಬಳಿದ್ದಾಳೆ ಎಂದು ಒಂದು ಗಳಿಗೆ ಹಗುರವಾದ ರುಕ್ಮಣಿ ಮತ್ತೆ ಸೊಪ್ಪು ಸೋಸತೊಡಗಿದಳು. ಆ ಹೆಂಗಸಿನ ಮನೆಯಲ್ಲೂ ಒಂದು ಸಾವಿದೆಯೋ ಏನೋ ಪಾಪ, ಎಂದುಕೊಂಡಳು.

ಈ ನಡುವೆ ಒಂದು ಬೆಳಗ್ಗೆ ವಿಚಿತ್ರ ನಡೆಯಿತು. ನಿತ್ಯಾ ಸ್ನಾನಕ್ಕೆ ಹೋಗಿದ್ದಳು. ತೊಟ್ಟಿಲಿನಲ್ಲಿ ಕೂಸು ಹೇತುಕೊಂಡು ಅಳುತ್ತಿತ್ತು. ಡಬ್ಬಿ ಹಾಲು ಶುರುವಾದ ಮೇಲೆ ಕೂಸಿನ ಆ ಕೆಲಸಕ್ಕೆ ಮನೆಮಂದಿಯೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ಸೋಮಸುಂದರಂ ಮಗ್ಗ ಬಿಟ್ಟು ಎದ್ದು ಬೀದಿಗೇ ಹೋಗುತ್ತಿದ್ದ. ರುಕ್ಮಣಿ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಕೂಸನ್ನು ಎತ್ತಿದಳು. ಎಷ್ಟು ಹೊತ್ತು ಉಸಿರು ಹಿಡಿಯುವುದು? ಬಿಟ್ಟಳು. ಒಳಗೆ ಎಳೆದುಕೊಂಡಳು.

ಏನೂ ನಾರಲಿಲ್ಲ.

ಮತ್ತೊಮ್ಮೆ ಎಳೆದಳು. ಮಗ್ಗದ ಹಾಸಿನ ನೂಲಿಗೆ ಹಚ್ಚುವ ಹಳೆಯ ಗಂಜಿಯಂತೆ ಒಂದಿಷ್ಟು ಹುಳಿ ಹುಳಿ, ಬೆಚ್ಚಗೆ. ಅಷ್ಟೇ. ಎಷ್ಟೋ ತಿಂಗಳ ಮೇಲೆ ಅವಳ ಹೊಟ್ಟೆ ತೊಳಸದೆ ಸುಮ್ಮನೆ ಕೂತಿತು. ಹೊಲಸು ಮೈಯ ಕೂಸನ್ನು ಎದೆಗೆ ಅವಚಿಕೊಂಡು ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕೂಸು ಅಳು ನಿಲ್ಲಿಸಿ ಅವಳ ಗಲ್ಲ ಹಿಡಿದು ಎಳೆಯಿತು.

“ಸೀ! ಅಮ್ಮಾ! ಏನ್ ಮಾಡ್ತಿದ್ದೀಯ? ಕೈಯೆಲ್ಲಾ, ಸೀಲೆಯೆಲ್ಲಾ...” ಬಚ್ಚಲಿನಿಂದ ಬಂದ ನಿತ್ಯಾ ಕೂಸನ್ನು ಕಿತ್ತುಕೊಂಡು ಹೋದಳು. ಸೋಪು ಹಾಕಿ ತೊಳೆದು, ಪೌಡರ್ ಹಾಕಿ, ನಗುತ್ತ ತಂದು ಮತ್ತೆ ಚಾಚಿದಳು. “ಈಗ ಎತ್ಕೋ, ಗಮ್ ಅಂತದೆ ಬಂಗಾರಿ.”

ರುಕ್ಮಣಿಯ ಕತ್ತು ಹೊರಳಿತು. ಕೈ ಹಿಂದೆ ಸರಿಯಿತು.

ಮಗಳ ನಗು ನಿಂತುಹೋಯಿತು. “ನಮ್ಮಜ್ಜಿ ಮದುವೆ ಮನೆಗೆ ಓದ್ಲು. ನೀನು ಇಲ್ಲೇ ಕೂತು ಮಾಡ್ತಿದ್ದೀಯ,” ಎಂದಳು ಮೆಲ್ಲಗೆ. “ನಾಳೆ ಕಳಿಸೋ ದಿನ ಇವಳ ನೆತ್ತಿ ಮೂಸ್ತೀಯೋ ಇಲ್ವೋ, ಅದನ್ನೊಂದು ಏಳಿಬಿಡು. ಇಲ್ಲಾಂದ್ರೆ ಈ ಮನೆಗೆ ಇನ್ನು ಕೂಸನ್ನ ಎತ್ಕೊಂಡು ಬರಲ್ಲ ನಾನು.”

“ಮೂಸ್ತೀನಿ ಕಣ್ಣು. ಮೂಸದೆ ಏನು,” ಎಂದಳು ರುಕ್ಮಣಿ. ಹೇಳಲಿಕ್ಕೆ ಇಷ್ಟುದ್ದ ಮಾತಿತ್ತು. ಹೇಳಿದರೆ ಅದು ಹೋಗಿ ಕೂರುವ ಜಾಗವನ್ನು ಮಗಳು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು.

ಆಡಿ, ಅಂದರೆ ಆಷಾಢ, ಬರುವ ಮೊದಲು ಕಳಿಸಿಬಿಡಬೇಕೆಂದು ದಿನ ಗೊತ್ತಾಗಿತ್ತು. ಬೀಗಿತಿ ಸಾಮಿಯಾತಾಳ್ ಮಗ, ನಿತ್ಯಾಳ ಗಂಡ ದಿವಾಕರ್‌ನ ಜೊತೆ ಕಾರಿನಲ್ಲಿ ಬಂದಿಳಿದಳು. ಗಂಡು ಬೇಕೆಂದು ಪಳನಿಗೆ ಹರಕೆ ಹೊತ್ತಿದ್ದವಳು ಅವಳು. ಹೆಣ್ಣಾದ ಮೇಲೆ ಹತ್ತು ದಿನ ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ. ಈಗ ತಾಂಬೂಲದ ತಟ್ಟೆಯ ತುಂಬ ಮಲ್ಲಿಗೆ ತಂದಿದ್ದಳು. ಬಂದವರಿಗೆ ಹಿತವಾಗಲೆಂದು ನಿತ್ಯಾ ಡಬ್ಬಿಗೆ ಎಣ್ಣೆ ಜಾಸ್ತಿ ಹಾಕಿದ್ದಳು. ಕೂಸಿಗೆ ಎಣ್ಣೆಸ್ನಾನ ಮಾಡಿಸಿ, ಸೋಪಿನಲ್ಲಿ ತೊಳೆದು, ಸಾಂಬ್ರಾಣಿ ಹೊಗೆಯಲ್ಲಿ ತಲೆ ಒಣಗಿಸಿ, ಪೌಡರ್ ಮೆತ್ತಿದ್ದಳು. ಸುಬ್ಬಾತಾಳ್ ಕೂಡ ತಲೆತುಂಬ ಹೂ ಮುಡಿದು ಬಂದು ಮೂಲೆಯಲ್ಲಿ ಕೂತಳು. ಪುಟ್ಟ ನಡುಮನೆ. ಕಿಟಕಿ ಮುಚ್ಚಿತ್ತು, ಕೂಸಿಗೆ ಗಾಳಿ ಆಗದೆಂದು.

ರುಕ್ಮಣಿ ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟಿದ್ದಳು. ಬೆಳಗ್ಗಿನಿಂದ ನೀರು ಕೂಡ ಕುಡಿದಿರಲಿಲ್ಲ. ಬರುವುದು ಏನೂ ಇರಬಾರದೆಂದು ಮಾಡಿಕೊಂಡ ಏರ್ಪಾಡು ಅದು. ಬಾಗಿಲಿನ ಕಡೆ ಮುಖ ಮಾಡಿ ನಿಂತಳು. ನಿತ್ಯಾ ಕೂಸನ್ನು ತಂದು ಕೈಗಿಟ್ಟಳು. ಎಲ್ಲರೂ ನೋಡುತ್ತಿದ್ದರು. ಒಂದೇ ಉಸಿರು ಎಂದು ತನಗೆ ತಾನೇ ಹೇಳಿಕೊಂಡು ನೆತ್ತಿಗೆ ಬಗ್ಗಿದಳು.

ಸಾಂಬ್ರಾಣಿ, ಸೋಪು, ಪೌಡರು, ಮಲ್ಲಿಗೆ, ಆ ಡಬ್ಬಿಯ ಇಲಿ, ಎಲ್ಲವೂ ಒಟ್ಟಿಗೆ ಒಳಗೆ ನುಗ್ಗಿದವು. ಗಂಟಲು ಅವಳ ಮಾತು ಕೇಳಲಿಲ್ಲ. ಕೂಸನ್ನು ಪಕ್ಕಕ್ಕೆ ಹಿಡಿದುಕೊಳ್ಳುವಷ್ಟು ಮಾತ್ರ ಪುರಸೊತ್ತು ಸಿಕ್ಕಿತು. ಇದ್ದ ಬದ್ದ ಹಳದಿ ಪಿತ್ತವೆಲ್ಲ ಬೀಗಿತಿ ತಂದ ತಾಂಬೂಲದ ತಟ್ಟೆಯ ಮೇಲೆ, ವೀಳ್ಯದೆಲೆಯ ಮೇಲೆ, ಮಲ್ಲಿಗೆಯ ಮೇಲೆ ಬಿತ್ತು.

ಸಾಮಿಯಾತಾಳ್ ಸೀರೆಯ ನೆರಿಗೆ ಎತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು.

“ಎಣ್ಣು ಕೂಸು ಅಂದ್ರೆ ಇಷ್ಟು ಅಸಹ್ಯವಾ ಸಂಬಂದಿ?” ಎಂದಳು. ಹರಕೆ ಹೊತ್ತ ಬಾಯಿ ಅದು. ಆದರೂ ಎಲ್ಲರೂ ತಲೆಯಾಡಿಸಿದರು.

ನಿತ್ಯಾ ಕಿರುಚಲಿಲ್ಲ. ಎರಡೂ ಕೈ ಚಾಚಿದಳು. “ನನ್ನ ಮಗಳನ್ನ ಕೊಡು.”

ರುಕ್ಮಣಿ ಕೊಡಲಿಲ್ಲ. ಕೊಟ್ಟರೆ ಅಲ್ಲಿಗೆ ಎಲ್ಲ ಮುಗಿಯುತ್ತದೆಂದು ಅವಳಿಗೆ ಗೊತ್ತಿತ್ತು. ಕೂಸನ್ನು ಅವಚಿಕೊಂಡು ಹಿತ್ತಲಿಗೆ ಓಡಿದಳು. ಬಿಸಿಲಿಗೆ ತೊಟ್ಟಿಯ ನೀರು ಬೆಚ್ಚಗಾಗಿತ್ತು. ಒಗೆಯುವ ಕಲ್ಲಿನ ಮೇಲೆ ಕಾಲು ನೀಡಿ ಕೂತು, ಕೂಸಿನ ಹೊಸ ಅಂಗಿ ಬಿಚ್ಚಿ ಎಸೆದು, ಕಾಲ ಮೇಲೆ ಮಲಗಿಸಿಕೊಂಡು ಬರೀ ನೀರು ಹೊಯ್ದಳು. ಅಂಗೈಯಲ್ಲಿ ನೆತ್ತಿಯನ್ನು ಉಜ್ಜಿದಳು. ಮತ್ತೆ ಹೊಯ್ದಳು, ಮತ್ತೆ ಉಜ್ಜಿದಳು. “ಅಮ್ಮಾ, ಉಚ್ಚು ಇಡೀತಾ ನಿಂಗೆ?” ಎಂದು ನಿತ್ಯಾ ಹಿಂದೆಯೇ ಓಡಿ ಬಂದಳು. ಅವಳ ಹಿಂದೆ ಉಳಿದವರೆಲ್ಲ ಅಡುಗೆಮನೆ ಬಾಗಿಲಿಗೆ ಬಂದು ತುಂಬಿಕೊಂಡರು.

ಕೂಸಿಗೆ ನೀರಿನ ಖುಷಿಯೋ, ಗಾಬರಿಯೋ, ಅಜ್ಜಿಯ ರೇಷ್ಮೆ ಸೀರೆಯ ಮೇಲೆ ಮೊಣಕಾಲಿನಿಂದ ಅಂಚಿನವರೆಗೆ ಒಂದೇ ಸಲಕ್ಕೆ ಹೇತುಬಿಟ್ಟಿತು. ಬಾಗಿಲಲ್ಲಿದ್ದವರೆಲ್ಲ ಒಟ್ಟಿಗೆ ಮೂಗು ಮುಚ್ಚಿಕೊಂಡರು. ಸೋಮಸುಂದರಂ ವಾಡಿಕೆಯಂತೆ ಬೀದಿಯ ಕಡೆ ಹೊರಟ.

ರುಕ್ಮಣಿ ಆ ಹೊಲಸಿನ ನಡುವೆ ಬಗ್ಗಿ, ಒದ್ದೆ ನೆತ್ತಿಗೆ ಮೂಗಿಟ್ಟಳು. ಎಳೆದುಕೊಂಡಳು. ಬಿಡಲಿಲ್ಲ. ಮತ್ತೆ ಎಳೆದುಕೊಂಡಳು. ಬೇಡುವವಳ ಹಾಗೆ, ಕದಿಯುವವಳ ಹಾಗೆ ಎಳೆದುಕೊಳ್ಳುತ್ತಲೇ ಇದ್ದಳು.

ಮೂಗಿಗೆ ಸೆರಗು ಹಿಡಿದು ನಿಂತಿದ್ದ ನಿತ್ಯಾಳ ದನಿ ಬದಲಾಯಿತು. “ಅಮ್ಮಾ... ಇಷ್ಟು ನಾರ್ತದಲ್ಲ. ನಿಂಗೆ ನಾತ ಬರ್ತಿಲ್ವಾ?”

“ಇಲ್ಲ ಕಣ್ಣು. ಇದೊಂದೇ ನಾರಲ್ಲ.”

ಬಾಯಿ ತಪ್ಪಿ ಬಂದುಬಿಟ್ಟಿತ್ತು. ನಿತ್ಯಾ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಳು. “ಇದೊಂದೇ ಅಂದ್ರೆ? ಒಳಗಿರೋ ಲ್ಯಾವೆಂಡರ್ ಎಂಗದೆ?”

ರುಕ್ಮಣಿ ಬಾಗಿಲಲ್ಲಿದ್ದ ಸುಬ್ಬಾತಾಳ್‌ಳನ್ನು ನೋಡಿದಳು. ಮುದುಕಿ ಬೇಡ ಬೇಡವೆಂದು ಕಣ್ಣಲ್ಲೇ ಬೇಡಿಕೊಂಡಳು. ರುಕ್ಮಣಿ ಎರಡೂ ಅಂಗೈಗಳಿಂದ ಕೂಸಿನ ಎರಡೂ ಕಿವಿಗಳನ್ನು ಭದ್ರವಾಗಿ ಮುಚ್ಚಿದಳು.

“ಸತ್ತ ಇಲಿ,” ಎಂದಳು.

ನಿತ್ಯಾ ಒದ್ದೆ ನೆಲದ ಮೇಲೆ ಕೂತೇಬಿಟ್ಟಳು.

“ಕಾಫಿ ಕೂದ್ಲು ಸುಟ್ಟಂಗೆ. ಮಲ್ಲಿಗೆ ಎಣದಂಗೆ. ಆ ಜ್ವರ ಬಂತಲ್ಲ, ಆವತ್ತಿಂದ. ಏಳಿದ್ರೆ ಕೂಸಿಗೆ ಆಗಲ್ಲ ಅಂದ್ರು, ಕಣ್ಣು. ಅದಕ್ಕೆ ಏಳಲಿಲ್ಲ.” ಕಿವಿಯ ಮೇಲಿನ ಕೈ ಅವಳು ತೆಗೆಯಲಿಲ್ಲ. “ನೀನು ನನ್ನ ಏನ್ ಬೇಕಾದ್ರೂ ಅಂದ್ಕೋ. ಇವಳಿಗೇನೂ ಆಗ್ಬಾರ್ದು.”

ನಿತ್ಯಾ ಮೂಗಿನ ಮೇಲಿನ ಸೆರಗನ್ನು ಕೆಳಗಿಳಿಸಿದಳು. ಅವಳು ನೋಡುತ್ತಿದ್ದುದು ಅಮ್ಮನನ್ನೋ, ಸತ್ತ ಇಲಿ ಎಂದು ಬರೆದ ಮುಖ ಕಾಣದ ಹೆಂಗಸರನ್ನೋ ಹೇಳುವುದು ಕಷ್ಟ. “ಅವ್ರಿಗೂ ಜ್ವರ ಬಂದಿತ್ತೇನೋ,” ಎಂದಳು ತನಗೆ ತಾನೇ. “ನಾನು ಒಬ್ಬರನ್ನೂ ಕೇಳ್ಲಿಲ್ವಲ್ಲ. ಎಲ್ಲರಿಗೂ ನಿಂಬೆ ಕಳಿಸ್ದೆ.”

ಆಮೇಲೆ ಅಮ್ಮನನ್ನು ತಬ್ಬಿಕೊಳ್ಳಲು ಮುಂದೆ ಬಗ್ಗಿದಳು. ರುಕ್ಮಣಿಯ ಮೂಗಿನ ಹೊಳ್ಳೆಗಳು ಬಿಗಿದವು, ಅಷ್ಟೇ, ಮುಖ ತಿರುಗಲಿಲ್ಲ. ನಿತ್ಯಾ ಈ ಸಲ ಅದನ್ನು ಕಂಡಳು, ಕಂಡದ್ದನ್ನು ಓದಿದಳು. ಹಿಂದೆ ಸರಿದು ಎದ್ದು, ತೊಟ್ಟಿಯಿಂದ ತಂಬಿಗೆ ಎತ್ತಿ, ಉಟ್ಟ ಪಟ್ಟೆ ಸೀರೆಯ ಸಮೇತ ತಲೆಯ ಮೇಲೆ ನೀರು ಸುರಿದುಕೊಂಡಳು. ಮುಡಿದ ಹೂ ಕಿತ್ತೆಸೆದಳು. ಕತ್ತು, ಕಿವಿಯ ಹಿಂದೆ, ಮಣಿಕಟ್ಟು, ಎಲ್ಲವನ್ನೂ ತೆಂಗಿನ ನಾರಿನಿಂದ ಪಾತ್ರೆ ಉಜ್ಜುವ ಹಾಗೆ ಉಜ್ಜಿಕೊಂಡಳು. “ಏ ನಿತ್ಯಾ, ಒರಡೋ ಒತ್ತಾಯ್ತು,” ಎಂದು ಸಾಮಿಯಾತಾಳ್ ಕೂಗಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ನೀರು ಸುರಿಸುತ್ತ ಬಂದು, ಹೊಲಸು ಹರಡಿದ ಆ ಕಲ್ಲಿನ ಮುಂದೆ ಮಂಡಿಯೂರಿ, ಅಮ್ಮನ ಮೂಗಿನ ಕೆಳಗೆ ತಲೆ ಬಗ್ಗಿಸಿದಳು.

“ನಂದೂ ಬಾಕಿ ಅದೆ,” ಎಂದಳು.

ಶಾಂಪೂವಿನ ವಾಸನೆ ಬರೀ ನೀರಿಗೆಲ್ಲಿ ಹೋಗುತ್ತದೆ? ಆ ನೆತ್ತಿ ಕೊಳೆತು ನಾರುತ್ತಿತ್ತು. ರುಕ್ಮಣಿ ಒಂದು ಕೈಯಿಂದ ಕೂಸನ್ನು ಹಿಡಿದುಕೊಂಡು, ಇನ್ನೊಂದರಿಂದ ಮಗಳ ತಲೆಯನ್ನು ಎಳೆದುಕೊಂಡು, ಮೂಗಿಟ್ಟು ಉಸಿರು ತುಂಬ ಒಳಗೆ ತೆಗೆದುಕೊಂಡಳು. ಹೊಟ್ಟೆ ಹೊರಳಿ ಗಂಟಲಿಗೆ ಬಂತು. ಅದನ್ನು ನುಂಗಿ, ಮತ್ತೆ ಮೂಸಿದಳು.